ಇದ್ದವಳಿಗೆ ಇಟ್ಟ ಎಡೆ

ಚನ್ನಪಟ್ಟಣದಿಂದ ಕಲ್ಯದ ಕಡೆ ಹೋಗುವವನು ರಾಮನಗರದಲ್ಲಿ ಎಡಕ್ಕೆ ಹೊರಳಿ ಮಾಗಡಿ ರಸ್ತೆ ಹಿಡಿದರೆ ಮುಗಿಯಿತು, ಬಿಸಿಲು ಬಲಿಯುವ ಮುಂಚೆ ಸೇರಿಕೊಳ್ಳಬಹುದು. ಕೆಂಪರಾಜುವಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಬೆಳಗಿನ ಐದೂವರೆಗೆ ಗೇಟು ಸದ್ದಾಗದಂತೆ ಎಳೆದುಕೊಂಡು ಸೈಕಲ್ಲು ಹತ್ತಿದವನು ಹೆದ್ದಾರಿಯ ಹತ್ತಿರ ಬಂದಾಗ ಕೈ ತಾನಾಗಿಯೇ ಸಾತನೂರಿನ ಕಡೆಗೆ ಹ್ಯಾಂಡಲ್ ತಿರುಗಿಸಿತ್ತು. ಕೈಯೇ ತಿರುಗಿಸಿತೆಂದು ಅವನು ನಂಬಿಕೊಂಡಿದ್ದ. ಜೊತೆಗಿದ್ದ ಸಾಬೀರ್, ಹೈಸ್ಕೂಲಿನಲ್ಲಿ ಅವನ ಪಕ್ಕದಲ್ಲೇ ಕೂತವನು, ಈಗ ಪೇಟೆಯಲ್ಲಿ ಸೈಕಲ್ ಅಂಗಡಿ ಇಟ್ಟವನು, ಮೊದಲ ಏರು ಮುಗಿದ ಮೇಲೆ ಕೇಳಿದ:

"ಲೇ ರಾಜು, ನಿನ್ ಮಗ್ಳ ಮನೆ ಇರೋದು ಬಡಗ್ಲಿಗೆ. ನೀನು ತೆಂಕ್ಲಿಗೆ ತುಳೀತಿದ್ದೀಯ. ಭೂಮಿ ಗುಂಡ್ಗೈತೆ, ಹೆಂಗೂ ಸಿಕ್ತದೆ ಅಂತಾನಾ?"

"ನೂರು ಕಿಲೋಮೀಟ್ರು ಆಗ್ಲಿ ಅಂತ ಕಣ್ಲಾ. ಸಾತನೂರು, ಕನಕಪುರ, ರಾಮನಗರ, ಮಾಗಡಿ. ಒಂದು ರೌಂಡ್ ಆಯ್ತದೆ."

"ರೌಂಡು," ಎಂದು ಸಾಬೀರ್ ಆ ಮಾತನ್ನು ಬಾಯಲ್ಲಿ ಒಂದು ಸಲ ಹೊರಳಿಸಿ ನೋಡಿ ಮುಂದಕ್ಕೆ ಹೋದ.

ಹೇಳಬೇಕಾಗಿದ್ದುದು ಒಂದೇ ಮಾತು. ನಿಮ್ಮವ್ವ ಹೋದಳು. ಹೋಗಿ ಮೂರು ತಿಂಗಳಾಯಿತು, ನಿನಗೆ ತಿಳಿಸಲಿಲ್ಲ. ಎರಡೇ ಮಾತು ಎನ್ನಬೇಕೇನೋ. ಮೊದಲನೆಯದನ್ನು ಯಾರು ಬೇಕಾದರೂ ಹೇಳಬಹುದು, ಎರಡನೆಯದನ್ನು ತಾನೇ ಹೇಳಬೇಕು ಎಂದು ಅವನು ಹೆಂಡತಿಯ ಮೂರು ತಿಂಗಳ ಎಡೆ ಮುಗಿದ ದಿನ ತೀರ್ಮಾನಿಸಿದ್ದ. ಸ್ಕೂಟರಿನಲ್ಲಿ ಹೊರಟರೆ ಎದುರು ಮನೆಯ ಜಗಲಿಯಲ್ಲಿ ಕೂತ ಅಣ್ಣ ಕೆಂಪಯ್ಯ ಎಲ್ಲಿಗೆ ಎಂದು ಕೇಳುತ್ತಾನೆ. ಬಸ್ಸಿನಲ್ಲಿ ಹೋದರೆ ಊರಿನವರು ಒಬ್ಬರಾದರೂ ಸಿಗುತ್ತಾರೆ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೂಗಿನವರೆಗೆ ಏರಿಸಿದ ಮುಖಬಟ್ಟೆ, ತೊಡೆಗಂಟಿದ ಚಡ್ಡಿ ಹಾಕಿಕೊಂಡು ಭಾನುವಾರ ಹೊರಟ ಪಿ.ಟಿ. ಮೇಷ್ಟ್ರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಮೇಷ್ಟ್ರಿಗೆ ಸಕ್ಕರೆ ಕಾಯಿಲೆ, ಡಾಕ್ಟರು ತುಳಿಯಲು ಹೇಳಿದ್ದಾರೆ, ಪಾಪ ಹೆಂಡತಿಯೂ ಇಲ್ಲ. ಹಾಗೆ ತಿಂಗಳುಗಟ್ಟಲೆ ತುಳಿದು ತುಳಿದು ಅವನು ಇಡೀ ಬೀದಿಯನ್ನೇ ಈ ವೇಷಕ್ಕೆ ಒಗ್ಗಿಸಿದ್ದ. ಈಗ ಅನಿಸುತ್ತಿತ್ತು, ಒಗ್ಗಿಸಿದ್ದು ಇವತ್ತಿನ ಒಂದು ದಿನಕ್ಕಾಗಿಯೇ ಇರಬೇಕು, ಅಥವಾ ಈ ದಿನವನ್ನು ಮುಂದೆ ಮುಂದೆ ದೂಡುವುದಕ್ಕೆ.

ಸಾತನೂರು ದಾಟಿದ ಮೇಲೆ ಹೊಂಗೆಯ ನೆರಳು ಸಿಕ್ಕಿತು. ಮಾವಿನ ತೋಟಗಳಲ್ಲಿ ಹೂವು ಕಂದಿ ಈಚು ಕಟ್ಟುವ ಕಾಲ, ಗಾಳಿಯಲ್ಲಿ ಔಷಧಿ ಹೊಡೆದ ವಾಸನೆ. ಪೆಡಲಿನ ಮೇಲೆ ಕಾಲು ಒಂದೇ ಸಮ ತಿರುಗುವಾಗ ತಲೆ ತನ್ನ ಪಾಡಿಗೆ ತಾನು ಬೇರೆ ಕಡೆ ಹೋಗುತ್ತದೆ, ಅದೂ ಹೋಗಬಾರದ ಕಡೆಗೇ ಹೋಗುತ್ತದೆ. ನಾಲ್ಕು ವರ್ಷದ ಹಿಂದೆ ಮಗಳು ಸಿರಿ ಬೇರೆ ಜನದ ಹುಡುಗ ಮನುವನ್ನು ರಿಜಿಸ್ಟರ್ ಮದುವೆಯಾದ ಮೂರನೆಯ ದಿನ ಕೆಂಪಯ್ಯ ಬಂದು ಚಾಪೆಯ ಮೇಲೆ ಕೂತು, "ಇನ್ನು ಅಳಾದು ಕರ್ಯಾದು ಬ್ಯಾಡ. ನಮ್ಮ ಪಾಲ್ಗೆ ಸತ್ಲು. ಸತ್ಲು ಅಂದ್ಮೇಲೆ ಸತ್ತೋರ್ಗೆ ಮಾಡಾದ ಮಾಡ್ಬುಡನ," ಎಂದಿದ್ದ. ಸಿಟ್ಟಿನಲ್ಲಿ ಆಡುವ ಮಾತು, ನಾಳೆ ಇಳಿಯುತ್ತದೆ ಎಂದು ಕೆಂಪರಾಜು ಅಂದುಕೊಂಡಿದ್ದರೆ, ಕೆಂಪಯ್ಯನಿಗೆ ಸಿಟ್ಟೇ ಇರಲಿಲ್ಲ. ಕೆರೆಯ ದಂಡೆ, ಹಜಾಮ, ಅಡಿಗೆಯವರು, ಎಲ್ಲವನ್ನೂ ಮದುವೆಗೆ ಗೊತ್ತುಮಾಡಿದಷ್ಟೇ ಸಮಾಧಾನದಿಂದ ಗೊತ್ತುಮಾಡಿದ. ತಿಥಿಯ ಕಾರ್ಡು ಅಚ್ಚಿಗೆ ಹೋಯಿತು. ಪ್ರೆಸ್ಸಿನವನು ತೀರಿಕೊಂಡ ದಿನಾಂಕ ಕೇಳಿದಾಗ ರಿಜಿಸ್ಟರ್ ಆಫೀಸಿನ ದಿನಾಂಕವನ್ನೇ ಕೊಟ್ಟರು. ಕರಡು ಮನೆಗೆ ಬಂದಾಗ ಕೆಂಪರಾಜು ಅದನ್ನು ಓದಿದ. ‘ದೈವಾಧೀನ’ ಎಂಬಲ್ಲಿ ಅಕ್ಷರ ತಪ್ಪಿತ್ತು. ಅವನು ಕೆಂಪು ಪೆನ್ನು ತೆಗೆದು ಅದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ಸರಿಯಾದುದನ್ನು ಬರೆದು ಕಳಿಸಿದ.

ಆ ಸುತ್ತು ಅವನಿಗೆ ಆಮೇಲೆ ಎಷ್ಟೋ ಸಲ ಕಂಡಿದೆ. ಬೇಡವೆಂದು ಬರೆಯಬಹುದಾಗಿತ್ತು, ಹರಿದು ಒಲೆಗೆ ಹಾಕಬಹುದಾಗಿತ್ತು. ತಿದ್ದಿದ.

ರಜೆ ಅರ್ಜಿಯಲ್ಲಿ ‘ಮನೆಯಲ್ಲಿ ಸಾವು’ ಎಂದು ಬರೆದುಕೊಂಡು ಹೋದಾಗ ಹೆಡ್‌ಮೇಷ್ಟ್ರು, "ಯಾರ್ರೀ ತೀರಿಕೊಂಡಿದ್ದು?" ಎಂದರು. "ಮಗಳು ಸಾರ್." ಅವರು ಹಿಂದಿನ ಗುರುವಾರವಷ್ಟೇ ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿರಿಯನ್ನು ಹೊಸ ತಾಳಿಯ ಜೊತೆ ಕಂಡು ಮಾತಾಡಿಸಿದ್ದವರು. ಸಹಿ ಹಾಕಿ, ಅರ್ಜಿಯನ್ನು ಕೈಗೆ ಕೊಡದೆ ಮೇಜಿನ ಮೇಲೆಯೇ ಅವನ ಕಡೆಗೆ ಸರಿಸಿದರು. ಬೋಳಿಸಿದ ತಲೆಯಲ್ಲಿ ಶಾಲೆಗೆ ಹೋದ ದಿನ ಖೊಖೊ ಹುಡುಗಿಯರು, "ತಿರುಪ್ತೀಗೆ ಹೋಗಿದ್ರಾ ಸಾರ್?" ಎಂದರೆ ಹೂಂ ಎಂದ. "ಲಾಡು?" ಎಂದು ಅವರು ಕೈ ಚಾಚಿದರು.

ಕನಕಪುರದ ಹೋಟೆಲಿನ ಮುಂದೆ ಬೆಂಗಳೂರಿನ ಸೈಕಲ್ಲಿನವರು ಏಳೆಂಟು ಜನ ತಮ್ಮ ಸೈಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ಇಡ್ಲಿ ತಿನ್ನುತ್ತಿದ್ದರು. ಸಾಬೀರ್ ಅವರ ಸೈಕಲ್ಲುಗಳನ್ನು ಸುತ್ತು ಹಾಕಿ ನೋಡಿ ಬಂದು, "ಒಂದೊಂದೂ ಒಂದೊಂದು ಸೀಮೆಹಸೀನ ರೇಟು ಕಣ್ಲಾ. ಆದ್ರೆ ಹಾಲ್ ಕೊಡಾಕಿಲ್ಲ," ಎಂದ. ಅವರಲ್ಲೊಬ್ಬ ತರುಣ ಕೆಂಪರಾಜುವಿನ ಪಕ್ಕಕ್ಕೆ ತಟ್ಟೆ ಹಿಡಿದು ಬಂದ.

"ಸೂಪರ್ ಅಂಕಲ್. ನಮ್ಮಪ್ಪ ನಿಮ್ ವಯಸ್ಸಿಗೆ ಸೋಫಾ ಬಿಟ್ಟು ಏಳಲ್ಲ. ಪ್ರತಿ ಸಂಡೇನೂ ಬರ್ತೀರಾ? ಆಂಟಿ ಏನೂ ಅನ್ನಲ್ವಾ?"

"ಇಲ್ಲ, ಏನೂ ಅನ್ನಲ್ಲ," ಎಂದ ಕೆಂಪರಾಜು.

"ಲಕ್ಕಿ ನೀವು."

ಸಾಬೀರ್ ಕಾಫಿ ಲೋಟದ ಅಂಚಿನಿಂದ ಅವನನ್ನೇ ನೋಡಿದ. ಸುಳ್ಳು ಹೇಳಿದ್ದಲ್ಲ, ಅವಳು ಏನೂ ಅನ್ನುವುದಿಲ್ಲ ಎಂಬುದು ನಿಜವೇ ಎಂದು ಕೆಂಪರಾಜು ತನಗೆ ತಾನೇ ವಾದಿಸಿಕೊಂಡ. ಬಿಲ್ಲು ಕೊಡಲು ಎದ್ದಾಗ ಸಾಬೀರ್ ತಗ್ಗಿದ ದನಿಯಲ್ಲಿ, "ಅಲ್ಲಿ ಹಿಂಗೆ ಮಾಡ್ಬ್ಯಾಡ ಕಣೋ. ಹೋದ್ ತಕ್ಷಣ ಹೇಳ್ಬುಡು. ಹಲ್ಲು ಕಿತ್ತಂಗೆ. ಒಸಿ ಲೇಟಾದ್ರೆ ನಾಲ್ಗೆ ಬೇರೆ ದಾರಿ ಹುಡುಕ್ತದೆ," ಎಂದ.

ರಾಮನಗರದ ಕಡೆಗೆ ತಿರುಗಿದ ಮೇಲೆ ಎದುರುಗಾಳಿ. ಹೆಂಡತಿ ಲತಾಮಣಿ ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿ, "ಒಂದ್ಸಲ ಕರ್ಸ್ರಿ, ನೋಡ್ಬುಟ್ಟು ಕಳಿಸ್ಬುಡ್ತೀನಿ," ಎಂದಿದ್ದಳು. ನೋಡ್ಬುಟ್ಟು ಕಳಿಸ್ಬುಡ್ತೀನಿ. ಇಟ್ಟುಕೊಳ್ಳುತ್ತೇನೆ ಎಂದವಳಲ್ಲ, ಊಟಕ್ಕಿಡುತ್ತೇನೆ ಎಂದವಳೂ ಅಲ್ಲ. ಅವನು, "ನಾಳೆ ಅಣ್ಣಂಗೆ ಒಂದು ಮಾತು ಹೇಳಿ ನೋಡ್ತೀನಿ," ಎಂದ. ಐವತ್ತನಾಲ್ಕು ವರ್ಷದ ಗಂಡಸು, ನೂರಾರು ಮಕ್ಕಳನ್ನು ಒಂದು ಪೀಪಿ ಊದಿ ಸಾಲಾಗಿ ನಿಲ್ಲಿಸುವವನು, ಅಣ್ಣಂಗೆ ಒಂದು ಮಾತು. ಆ ನಾಳೆ ಅಣ್ಣ ಹೊಲಕ್ಕೆ ಹೋಗಿದ್ದ. ಅದರ ನಾಳೆ ಅವಳಿಗೆ ಮಾತು ನಿಂತಿತು. ಹೆಣ ಅಂಗಳದಲ್ಲಿ ಇಟ್ಟಿರುವಾಗ ನೆರೆಮನೆಯ ಧನಲಕ್ಷ್ಮಿ, "ಸಿರೀಗೆ ಒಂದು ಫೋನಾದ್ರೂ ಮಾಡಿ ಮೇಷ್ಟ್ರೇ," ಎಂದಳು. ಕೆಂಪಯ್ಯ ಅವಳಿಗೆ ಉತ್ತರ ಕೊಡದೆ ತಮ್ಮನಿಗೆ ಹೇಳಿದ: "ಸತ್ತೋರ್ಗೆ ಸಾವಿನ ಸುದ್ದಿ ಕಳ್ಸೋ ಪದ್ಧತಿ ಇಲ್ಲ." ಕೆಂಪರಾಜು ತಲೆಯಾಡಿಸಿದ. ಅಣ್ಣ ಮಾತು ಮುಗಿಸುವ ಮುಂಚೆಯೇ ಆಡಿಸಿದೆನೋ ಮುಗಿಸಿದ ಮೇಲೋ ಎಂಬುದೊಂದು ಅವನಿಗೆ ಬಗೆಹರಿಯದೆ ಉಳಿದಿತ್ತು. ಮುಗಿಸಿದ ಮೇಲಾದರೆ ಅದು ವಿಧೇಯತೆ. ಮುಂಚೆಯಾದರೆ ಮಗಳ ಮುಖ ನೋಡಬೇಕಾದ ಕಷ್ಟದಿಂದ ಅಣ್ಣ ತನ್ನನ್ನು ಪಾರು ಮಾಡಿದನೆಂಬ ನಿರಾಳ.

ರಾಮನಗರ ದಾಟಿ ಮಾಗಡಿ ರಸ್ತೆಯ ಬಂಡೆಗಳ ನಡುವೆ ಏರು ಶುರುವಾದಾಗ ಬಿಸಿಲು ಬೆನ್ನಿನ ಮೇಲೆ ಕೂತಿತ್ತು. ಸಾಬೀರ್ ಹಿಂದೆ ಉಳಿದು, "ನನ್ ಮೊಣಕಾಲ್ನಾಗೆ ಯಾರೋ ಬೊಂಬೆ ಕಡೀತಾವ್ರೆ," ಎಂದು ಕೂಗುತ್ತಿದ್ದ. ಕೆಂಪರಾಜು ನಗಬೇಕೆಂದುಕೊಂಡ, ಉಸಿರು ಸಾಲಲಿಲ್ಲ. ಒಂದು ಸಲ ತಿಥಿ ಮಾಡಿದ ಮೇಲೆ ಬಿಡುವಂತಿಲ್ಲ, ಪಿತೃಪಕ್ಷದಲ್ಲಿ ವರ್ಷವರ್ಷವೂ ಎಡೆ ಇಡಬೇಕೆಂದು ಕೆಂಪಯ್ಯ ಹೇಳಿದ್ದ. ಹಾಗಾಗಿ ಅಪ್ಪ ಅಮ್ಮನ ಫೋಟೋಗಳ ಪಕ್ಕದಲ್ಲಿ ಕಾಲೇಜಿನ ಗುರುತಿನ ಚೀಟಿಯಿಂದ ತೆಗೆದು ದೊಡ್ಡದು ಮಾಡಿಸಿದ ಸಿರಿಯ ಫೋಟೋ, ಅದಕ್ಕೆ ಹಾರ, ಅದರ ಮುಂದೆ ಒಂದು ಹೊಸ ಸೀರೆ, ಒಂದು ಎಲೆ. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಎಡೆಗೆ ಮಾಡಬೇಕು. ಲತಾಮಣಿ ಮೊದಲ ವರ್ಷ ಹಿತಕಿದ ಅವರೆಯ ಸಾರು, ಕಜ್ಜಾಯ ಮಾಡಿದಳು; ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲಿಂದಲೋ ಸೊಗಡಿನ ಅವರೆ ಹುಡುಕಿ ತರಿಸಿದ್ದಳು. ಕಾಗೆ ತಕ್ಷಣ ಬಂದು ಮುಟ್ಟಿತು. "ನೋಡ್ದಾ," ಎಂದ ಕೆಂಪಯ್ಯ, ಏನನ್ನೋ ರುಜುವಾತು ಮಾಡಿದವನಂತೆ. ಎರಡನೆಯ ವರ್ಷ ಸಿರಿಯ ಎಲೆಗೆ ಮಾತ್ರ ಅವಳು ಬೇರೆ ಅಡಿಗೆ ಬಡಿಸಿದಳು: ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಪ್ಪ ಹಾಕಿ ಕಲಸಿದ ಬಿಸಿ ಅನ್ನ, ಒಣಕೊಬ್ಬರಿ. ಬದನೆಕಾಯಿ ಇಲ್ಲ, ಹುಳಿ ಇಲ್ಲ. ಕೆಂಪಯ್ಯ ಗಮನಿಸಲಿಲ್ಲ. ಎಲೆಯ ಮುಂದೆ ಬಗ್ಗಿ ಊದುಬತ್ತಿ ಹಚ್ಚುವಾಗ ಕೆಂಪರಾಜುವಿಗೆ ಹೊಳೆಯಿತು, ಅದು ಬಾಣಂತಿಯ ಊಟ. ಎಲ್ಲೋ ಮಗು ಹುಟ್ಟಿದೆ, ಇವಳಿಗೆ ಗೊತ್ತಾಗಿದೆ. ಅವನು ಊದುಬತ್ತಿ ಸಿಕ್ಕಿಸಿ ಹಿಂದೆ ಸರಿದ. ಅವತ್ತು ಕಾಗೆ ತಡವಾಗಿ ಬಂತು, ಅಷ್ಟು ಹೊತ್ತೂ ಅವಳು ಬಿಸಿಲಿನಲ್ಲಿ ನಿಂತು ಆರುತ್ತಿದ್ದ ಅನ್ನವನ್ನೇ ನೋಡುತ್ತಿದ್ದಳು.

ಕಲ್ಯಕ್ಕೆ ಒಂದು ಮೈಲಿ ಇರುವಂತೆ ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣುದಾರಿಯ ಬಾಯಲ್ಲಿ ಸಾಬೀರ್ ಸೈಕಲ್ಲು ನಿಲ್ಲಿಸಿದ. "ನಾನಿಲ್ಲೇ ಇರ್ತೀನಿ. ಎರಡನೇ ಮನೆ, ತಗಡಿನ ಶೆಡ್ಡು. ವಿಚಾರ್ಸಿದೀನಿ." ಹೋಗುವಾಗ ಕೆಂಪರಾಜುವಿನ ಬೆನ್ನಿಗೆ ಒಂದು ಸಲ ತಟ್ಟಿದ, ಏರಿನಲ್ಲಿ ಹಿಂದಿನಿಂದ ದೂಡುವ ಹಾಗೆ.

ಹುಳದ ಮನೆಯ ಮುಂದೆ ಅಡ್ಡಲಾಗಿ ಸುಣ್ಣ ಚೆಲ್ಲಿತ್ತು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ರೇಷ್ಮೆಹುಳ ಸೊಪ್ಪು ತಿನ್ನುವ ಸದ್ದು ಹೊರಗಿನವರೆಗೂ ಬರುತ್ತಿತ್ತು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯೊಂದನ್ನು ಬಿಸಿಲಿಗೆ ಒರಗಿಸುತ್ತಿದ್ದ ಹೆಂಗಸು ತಿರುಗಿದಳು. ನೈಟಿಯ ಮೇಲೆ ಗಂಡಸರ ಶರಟು, ತಲೆಗೆ ಟವಲು, ಕೈ ಮೊಳಕೈವರೆಗೆ ಹಸಿರು. ಮೈ ತುಂಬಿಕೊಂಡಿದ್ದಳು. ಕತ್ತನ್ನು ಒಂದು ಕಡೆ ವಾಲಿಸಿ ನೋಡುವುದು ಮಾತ್ರ ಹಾಗೇ ಇತ್ತು. ಅವಳ ಕಾಲ ಬಳಿ ಎರಡು ವರ್ಷದ ಹೆಣ್ಣುಮಗು ಸೊಪ್ಪಿನ ಬುಟ್ಟಿಯೊಳಗೆ ಕೂತಿತ್ತು.

"ಅಲ್ಲೇ ನಿಂತ್ಕಳಿ. ಸುಣ್ಣ ದಾಟ್ಬೇಡಿ," ಎಂದಳು. "ಹುಳ ಹಣ್ಣಾಗವೆ, ಗೂಡಿಗೆ ಬಂದವೆ. ಹೊರ್ಗಿನೋರು ಬರಂಗಿಲ್ಲ."

ತಕ್ಷಣ ಹೇಳಬೇಕಾಗಿತ್ತು. ಹಲ್ಲು ಕಿತ್ತ ಹಾಗೆ. ಮುಖಬಟ್ಟೆಯೊಳಗಿಂದ ಅವನಿಗೆ ಹೊರಟದ್ದು, "ಒಸಿ ನೀರು."

"ಯಾರೇ ಅದು?" ಒಳಗಿನಿಂದ ಅತ್ತೆಯ ದನಿ.

"ಸೈಕಲ್ನೋರು ಅತ್ತೆ. ನೀರು ಕೇಳ್ತಾವ್ರೆ."

"ಬೆಂಗ್ಳೂರೋರಾ? ಮಜ್ಜಿಗೆ ಇದ್ರೆ ಕೊಡು. ಮಾಡಕ್ಕೆ ಕೆಲ್ಸ ಇಲ್ದೆ ಇಲ್ಲೀಗಂಟ ತುಳ್ಕಂಡು ಬಂದವ್ರೆ, ಪಾಪ."

ಅವಳು ಚೊಂಬಿನಲ್ಲಿ ನೀರು ತಂದು, ಕೈಗೆ ಕೊಡದೆ, ಗೆರೆಯ ಮೇಲೆ ಇಟ್ಟು ಹಿಂದೆ ಸರಿದಳು. ಅವನು ತಿರುಗಿ ನಿಂತು ಮುಖಬಟ್ಟೆ ಕೆಳಗೆಳೆದು ಕುಡಿದ, ಮತ್ತೆ ಏರಿಸಿಕೊಂಡ. ಗುರುತು ಸಿಗಲಿಲ್ಲ ಎಂಬುದು ಎದೆಗೆ ಚುಚ್ಚುತ್ತಿರುವಾಗಲೇ, ಸಿಗಲಿಲ್ಲವಲ್ಲ ಎಂದು ಹೊಟ್ಟೆ ತಣ್ಣಗಾಗುತ್ತಿತ್ತು. ಎರಡೂ ಒಟ್ಟಿಗೇ. ಮಗು ಬುಟ್ಟಿಯಿಂದ ಒಂದು ಎಲೆ ಎತ್ತಿ ಅವನಿಗೆ ತೋರಿಸಿತು.

"ಯಾವ್ ಕಡೆಯಿಂದ ಬಂದ್ರಿ?"

"ಚನ್ನಪಟ್ಟಣ."

"ಅಷ್ಟು ದೂರದಿಂದ," ಎಂದಳು. ತೋಳಿನ ಮೇಲೆ ಹರಿಯುತ್ತಿದ್ದ ಒಂದು ಹಣ್ಣುಹುಳವನ್ನು ಎರಡು ಬೆರಳಲ್ಲಿ ಎತ್ತಿ ಅಂಗೈಗೆ ಹಾಕಿಕೊಂಡಳು. ಬಿಸಿಲು ಅದರ ಮೈಯೊಳಗಿಂದ ಹಾದು ಕಾಣುತ್ತಿತ್ತು. "ಅಲ್ಲಿ ಕೆಂಪರಾಜು ಅಂತ ಒಬ್ರು ಪಿ.ಟಿ. ಮೇಷ್ಟ್ರು. ಗೊತ್ತಾ?"

"ಗೊತ್ತು."

"ಅವರ ಮನೆಯೋರು ಹೆಂಗವ್ರೆ?"

ದಾರಿ ಇಷ್ಟು ಅಗಲವಾಗಿ ತೆರೆದುಕೊಂಡಿತ್ತು. ನೂರು ಕಿಲೋಮೀಟರು ತುಳಿದು ತಂದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಅವಳ ಹಸಿರು ಕೈ, ಅಂಗೈ ಮೇಲಿನ ಹುಳ, ಎಲೆ ಹಿಡಿದ ಮಗು, ಈ ಬಿಸಿಲು, ಇವೆಲ್ಲ ಇನ್ನೊಂದು ಗಳಿಗೆ ಹೀಗೇ ಇರಲಿ, ಇನ್ನೊಂದೇ ಒಂದು ಗಳಿಗೆ.

"ಚೆನ್ನಾಗವ್ರೆ," ಎಂದ.

ಅವಳು ಹುಳವನ್ನು ಚಂದ್ರಿಕೆಯ ಸುರುಳಿಗೆ ಜೋಪಾನವಾಗಿ ಬಿಟ್ಟಳು. ಅದು ತಲೆ ಎತ್ತಿ ಆ ಕಡೆ ಈ ಕಡೆ ತೂಗಿ ಎಳೆ ಹಾಕಲು ಜಾಗ ಹುಡುಕುವವರೆಗೂ ಕಾದಳು.

"ಮೂರು ತಿಂಗಳಾಯ್ತಲ್ಲಪ್ಪ," ಎಂದಳು.

ಅವನು ಕನ್ನಡಕ ತೆಗೆದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದ.

"ಧನಲಕ್ಷ್ಮಕ್ಕ ಅವತ್ತೇ ಫೋಟೋ ಕಳಿಸಿದ್ರು. ಅವ್ವನ್ನ ಅಂಗಳದಾಗೆ ಕೂರ್ಸಿದ್ದು." ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ, ಒಳಗೆ ಅತ್ತೆಗೆ ಕೇಳಬಾರದೆಂಬಷ್ಟು ಮಾತ್ರ ತಗ್ಗಿತ್ತು. "ಅವತ್ತೂ ಹುಳ ನಾಕ್ನೇ ಜ್ವರ ಎದ್ದು, ಪೊರೆ ಬುಟ್ಟು ಸೊಪ್ಪಿಗೆ ಕಾಯ್ತಿದ್ವು. ಸೂತಕ ಅಂದ್ರೆ ನಾನು ಹುಳದ ಮನೆಗೆ ಕಾಲಿಡಂಗಿಲ್ಲ. ಮನೆಯೋರು ಒಬ್ರೇ ಏನ್ ಮಾಡ್ತಾರೆ. ಯಾರ್ಗೂ ಹೇಳ್ನಿಲ್ಲ. ಬಚ್ಚಲಾಗೆ ತಲೆ ಮೇಲೆ ಒಂದು ಚೊಂಬು ತಣ್ಣೀರು ಹುಯ್ಕಂಡು ಬಂದು ಸೊಪ್ಪು ಹಾಕ್ದೆ. ಸುಳ್ಳು ಹೇಳಿ ಹುಳ ಸಾಕಿದ್ದೀನಿ, ಗೂಡು ಕಟ್ತಾವೋ ಇಲ್ವೋ ಅಂತ ಹೆದ್ರಿಕೆ ಇತ್ತು. ಕಟ್ಟಿದ್ವು."

"ಸಿರಿ—"

"ನೀವು ಸೈಕಲ್ ಇಳಿದಾಗ್ಲೇ ಗೊತ್ತಾಯ್ತು. ಇಳಿಯೋವಾಗ ಎಡಗಾಲು ಒಂದ್ಸಲ ನೆಲ ತಡವ್ತೀರಲ್ಲ. ಹೇಳಕ್ಕೆ ಬಂದವ್ರೆ, ಹೇಳ್ತಾರೆ, ಹೇಳ್ಲಿ ಅಂತ ಕಾದೆ."

ನೀವು, ನೀವು. ಚಿಕ್ಕಂದಿನಿಂದ ನೀನು ಎಂದವಳು. ಅಪ್ಪ ಎಂದು ಕರೆದ ಮೇಲೂ ಆ ನೀವು ಕದಲಲಿಲ್ಲ. ಅವನು ಏನಾದರೂ ಹೇಳಬೇಕಿತ್ತು, ಆದರೆ ಚೆನ್ನಾಗವ್ರೆ ಎಂದ ಬಾಯಲ್ಲಿ ಅದಾದ ಮೇಲೆ ಯಾವ ಮಾತು ಬಂದರೂ ಅದರ ಪಕ್ಕದಲ್ಲೇ ನಿಲ್ಲಬೇಕಾಗಿತ್ತು.

"ಅವ್ವನ ಫೋಟೋ ಎಲ್ಲಿ ಹಾಕಿದ್ರಿ?" ಎಂದು ಅವಳೇ ಕೇಳಿದಳು. "ನಂದರ ಪಕ್ಕದಲ್ಲೇನಾ?"

ಅವನು ಹೂಂ ಎಂದು ತಲೆಯಾಡಿಸಿದ. ಗೋಡೆಯ ಮೇಲೆ ಜಾಗ ಇದ್ದದ್ದು ಅಲ್ಲೇ.

"ಒಳ್ಳೇದಾಯ್ತು ಬುಡಿ. ಜೊತ್ಗಿರ್ತೀವಿ."

ಇಷ್ಟು ಹೊತ್ತೂ ಗಟ್ಟಿಯಾಗಿದ್ದ ಮುಖ ಆಗ ಒಂದು ಕ್ಷಣ ಬಾಯಿಯ ಹತ್ತಿರ ಸಡಿಲವಾಯಿತು. ಅವಳು ಹಸಿರು ಮೊಳಕೈಯಿಂದ ಮೂಗು ಒರೆಸಿಕೊಂಡಳು. ಅವನು ಮುಂದಕ್ಕೆ ಒಂದು ಹೆಜ್ಜೆ ಇಟ್ಟವನು ಸುಣ್ಣದ ಹತ್ತಿರ ನಿಂತ. ದಾಟಿದರೆ ಏನಾಗುತ್ತಿತ್ತು, ಹುಳ ಸಾಯುತ್ತಿದ್ದವೇ, ಅವಳು ಬೈಯುತ್ತಿದ್ದಳೇ? ಕಾಲು ಎತ್ತಲಿಲ್ಲ. ಬೇಡವೆಂದದ್ದನ್ನು ಮೀರಿದವನಲ್ಲ ಅವನು, ಯಾರು ಬೇಡವೆಂದರೂ. ಅವಳು ಅವನ ಬೂಟುಗಳನ್ನೇ ನೋಡುತ್ತಿದ್ದಳು. ಆಮೇಲೆ ಅವನಿಗನಿಸಿತು, ಅವಳು ಅದಕ್ಕೂ ಕಾದಿರಬಹುದು.

"ಸಿರೀ," ಒಳಗಿನಿಂದ ಅತ್ತೆ, "ಮ್ಯಾಗಡೆ ತಟ್ಟೇವೆಲ್ಲಾ ತಲೆ ಎತ್ಬುಟ್ಟವೆ ಕಣೆ, ಬೇಗ ಬಾ."

"ಬಂದೆ." ಅವಳು ಮಗುವನ್ನು ಬುಟ್ಟಿಯಿಂದ ಎತ್ತಿ ಸೊಂಟಕ್ಕೇರಿಸಿಕೊಂಡಳು. ಅದರ ಹೆಸರು ಕೇಳಬೇಕೆಂದು ಅವನಿಗೆ ಆಸೆಯಾಯಿತು. ಹಕ್ಕಿಲ್ಲವೆನಿಸಿತು. ಚೊಂಬನ್ನು ಗೆರೆಯ ಮೇಲೆ ಇಟ್ಟ ಜಾಗದಲ್ಲೇ ಇಟ್ಟು, ಸೈಕಲ್ಲು ತಿರುಗಿಸಿಕೊಂಡಾಗ, ಯಾರ ಮನೆಯಿಂದ ಹೊರಟರೂ ಬಾಯಿಗೆ ಬರುವ ಮಾತು ಬಂದುಬಿಟ್ಟಿತು:

"ಬತ್ತೀನಿ ಕಣವ್ವ."

"ಹಂಗನ್ಬೇಡಿ," ಎಂದಳು ಅವಳು, ಮಗುವಿಗೆ ತಿಳಿಹೇಳುವ ಮೆತ್ತನೆಯ ದನಿಯಲ್ಲಿ. "ಸತ್ತೋರ್ ಮನೆಯಿಂದ ಹೊಲ್ಡೋವಾಗ ಬತ್ತೀನಿ ಅನ್ಬಾರ್ದು. ಸುಮ್ಕೆ ಹೋಗ್ಬೇಕು."

ಅವನು ಸುಮ್ಮನೆ ಹೋದ. ತೋಟದ ನಡುವಿನ ದಾರಿಯಲ್ಲಿ ಸೈಕಲ್ಲು ಹತ್ತಲಿಲ್ಲ, ತಳ್ಳಿಕೊಂಡೇ ನಡೆದ. ಹಿಂದೆ ಮಗು ಏನೋ ಕೇಳಿದ್ದು ಕೇಳಿಸಿತು. ಉತ್ತರ ಕೇಳಬೇಕೆಂದು ಹೆಜ್ಜೆ ನಿಧಾನ ಮಾಡಿದ. ಬಾಗಿಲು ಮುಚ್ಚಿಕೊಂಡಿತು. ಹುಳ ಸೊಪ್ಪು ತಿನ್ನುವ ಸದ್ದೂ ಅದರ ಹಿಂದೆ ನಿಂತಿತು.

ದಾರಿಯ ಬಾಯಲ್ಲಿ ಸಾಬೀರ್ ಬೇಲಿಯ ನೆರಳಿನಲ್ಲಿ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಇವನನ್ನು ಕಂಡು ಎದ್ದ. ಮುಖ ನೋಡಿ, ಇವನ ಹಿಂದಿನ ಟೈರನ್ನು ಒಂದು ಸಲ ಒತ್ತಿ ನೋಡಿದ. ಗಾಳಿ ಸರಿಯಾಗಿಯೇ ಇತ್ತು.

"ಹೇಳ್ದಾ?"

ಕೆಂಪರಾಜು ಕನ್ನಡಕ ಹಾಕಿಕೊಂಡ. ರಸ್ತೆ ಕಪ್ಪಾಯಿತು, ಮನೆಗೆ ಇನ್ನೂ ಅರವತ್ತು ಕಿಲೋಮೀಟರು.

"ಏನಂದ್ಳು ಮಗ್ಳು?" ಎಂದ ಸಾಬೀರ್ ಮತ್ತೆ.

"ನೀರು ಕೊಟ್ಳು," ಎಂದು ಕೆಂಪರಾಜು ಪೆಡಲಿನ ಮೇಲೆ ಕಾಲಿಟ್ಟ.